ಸೋಲಿನ ಲೆಕ್ಕ, ಹೊಣೆಯ ಲೆಕ್ಕ

ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಫುಟ್‌ಬಾಲ್ ತಂಡದ ಮಾಲೀಕ ಜಿಮ್ಮಿ ಹ್ಯಾಸ್ಲಮ್, 2017ರ ಡಿಸೆಂಬರ್ 7ರಂದು ಸಾಶಿ ಬ್ರೌನ್ ಅವರನ್ನು ಹುದ್ದೆಯಿಂದ ತೆಗೆದುಹಾಕಿದರು. ಆಟಗಾರರ ಆಯ್ಕೆ, ವಿನಿಮಯ, ವೇತನ ಇವೆಲ್ಲವುಗಳ ಹೊಣೆ ಅವರದಾಗಿತ್ತು. ಪದನಾಮ ಬೇರೆಯಿದ್ದರೂ ಮಾಡುತ್ತಿದ್ದುದು ಜನರಲ್ ಮ್ಯಾನೇಜರ್‌ನ ಕೆಲಸವೇ. ಅವರ ಅವಧಿಯಲ್ಲಿ ತಂಡ ಆಡಿದ್ದು 28 ಪಂದ್ಯ, ಗೆದ್ದಿದ್ದು ಒಂದೇ ಒಂದು. ಇಂಥ ದಾಖಲೆಯ ಮುಂದೆ ಇನ್ನೇನು ವಿಚಾರಣೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಆ ತೀರ್ಮಾನವನ್ನು ಇಂದು ಹಿಂದಿರುಗಿ ನೋಡಿದರೆ, ಕ್ರೀಡೆಯ ಆಚೆಗೂ ಅನ್ವಯಿಸುವ ಪಾಠವೊಂದು ಅದರಲ್ಲಿದೆ.

ಅಮೆರಿಕನ್ನರ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಲ್ಲಿನ ರಾಷ್ಟ್ರೀಯ ಲೀಗ್‌ನಲ್ಲಿ 32 ತಂಡಗಳಿವೆ. ಎಷ್ಟೇ ಸೋತರೂ ಕೆಳದರ್ಜೆಗೆ ಇಳಿಸುವ ಪದ್ಧತಿಯಿಲ್ಲ. ಬದಲಿಗೆ, ವರ್ಷಕ್ಕೊಮ್ಮೆ ನಡೆಯುವ ‘ಡ್ರಾಫ್ಟ್’ನಲ್ಲಿ ಕಾಲೇಜು ಮುಗಿಸಿ ಬರುವ ಹೊಸ ಆಟಗಾರರನ್ನು ಆರಿಸುವ ಮೊದಲ ಅವಕಾಶ ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಸಿಗುತ್ತದೆ. ಈ ಆಯ್ಕೆಯ ಹಕ್ಕನ್ನು ತಂಡಗಳು ಪರಸ್ಪರ ವಿನಿಮಯ ಮಾಡಿಕೊಳ್ಳಬಹುದು. ಮುಂದಿನ ವರ್ಷಗಳ ಹಕ್ಕುಗಳನ್ನೂ ಈಗಲೇ ಕೊಟ್ಟು ಕೊಳ್ಳಬಹುದು. ವೇತನಕ್ಕೆ ನಿಗದಿಯಾದ ಮಿತಿಯಲ್ಲಿ ಉಳಿಸಿದ್ದನ್ನು ಮುಂದಿನ ವರ್ಷಕ್ಕೆ ಒಯ್ಯಲೂಬಹುದು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಂದಿನ ಅನುಭೋಗವನ್ನು ತ್ಯಜಿಸಿ ನಾಳೆಗಾಗಿ ಬಂಡವಾಳ ಕೂಡಿಡಲು ಅನುವು ಮಾಡಿಕೊಡುವ ವ್ಯವಸ್ಥೆ ಇದು.

ಈ ಕುರಿತು ಗಂಭೀರ ಅಧ್ಯಯನವೂ ನಡೆದಿದೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಅವರೊಡನೆ 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತಂಡಗಳು ಮೊದಲ ಕೆಲವು ಆಯ್ಕೆಗಳಿಗೆ ಅವುಗಳ ಯೋಗ್ಯತೆಗಿಂತ ಹೆಚ್ಚು ಬೆಲೆ ತೆರುತ್ತವೆಂದು ತೋರಿಸಿದರು. ಯಾವ ಯುವಕ ಬೆಳಗುತ್ತಾನೆ, ಯಾವನು ಕಳೆಗುಂದುತ್ತಾನೆ ಎಂಬುದನ್ನು ಮುಂಚಿತವಾಗಿ ಬಲ್ಲವರು ಇಲ್ಲವಾದ್ದರಿಂದ, ಒಂದೇ ದೊಡ್ಡ ಆಯ್ಕೆಗಿಂತ ಹಲವು ಆಯ್ಕೆಗಳೇ ಲಾಭಕರ ಎಂಬುದು ಇದರ ಸಾರ.

2016ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಸಾಶಿ ಬ್ರೌನ್ ಹಾರ್ವರ್ಡ್‌ನಲ್ಲಿ ಕಾನೂನು ಕಲಿತವರು. ಅದಕ್ಕೆ ಮುಂಚೆ ತಂಡದ ಕಾನೂನು ಸಲಹೆಗಾರರಾಗಿದ್ದವರು. ಅವರು ನಡೆದದ್ದು ಬಹುಮಟ್ಟಿಗೆ ಇದೇ ಹಾದಿಯಲ್ಲಿ. ಆ ವರ್ಷದ ಎರಡನೆಯ ಆಯ್ಕೆಯ ಹಕ್ಕನ್ನು ಫಿಲಡೆಲ್ಫಿಯಾ ತಂಡಕ್ಕೆ ಬಿಟ್ಟುಕೊಟ್ಟು, ಪ್ರತಿಯಾಗಿ ಹಲವು ಹಕ್ಕುಗಳನ್ನು ಪಡೆದರು. ಮರುವರ್ಷ ಹನ್ನೆರಡನೆಯ ಆಯ್ಕೆಯನ್ನು ಹ್ಯೂಸ್ಟನ್ ತಂಡಕ್ಕೆ ಕೊಟ್ಟು 2018ರ ಮೊದಲ ಸುತ್ತಿನ ಹಕ್ಕೊಂದನ್ನು ಗಳಿಸಿದರು. ಅದೇ ಹ್ಯೂಸ್ಟನ್‌ಗೆ ಹೊರೆಯಾಗಿದ್ದ ಬ್ರಾಕ್ ಆಸ್‌ವೈಲರ್ ಎಂಬ ಆಟಗಾರನ 1.6 ಕೋಟಿ ಡಾಲರ್ ವೇತನದ ಭಾರವನ್ನು ತಾವು ಹೊತ್ತು, ಎರಡನೆಯ ಸುತ್ತಿನ ಮತ್ತೊಂದು ಹಕ್ಕನ್ನು ಪಡೆದರು. ಅವರು ಹೊರನಡೆದ ಬಳಿಕ ಬಂದ 2018ರ ಡ್ರಾಫ್ಟ್‌ಗೆ ಮುನ್ನ ಮೊದಲ 64 ಆಯ್ಕೆಗಳಲ್ಲಿ ಐದು ಕ್ಲೀವ್‌ಲ್ಯಾಂಡ್‌ನ ಕೈಯಲ್ಲಿದ್ದವು. ವೇತನ ಮಿತಿಯಲ್ಲಿ ಹತ್ತು ಕೋಟಿ ಡಾಲರಿಗೂ ಹೆಚ್ಚಿನ ಅವಕಾಶವಿತ್ತು.

ಅನುಭವಿಗಳನ್ನು ಕಳುಹಿಸಿಕೊಟ್ಟು ಎಳೆಯರನ್ನು ಕಣಕ್ಕಿಳಿಸುವ ತಂಡ ಒಂದೆರಡು ವರ್ಷ ಸೋಲುತ್ತದೆ. ಅದು ಯೋಜನೆಯ ವೈಫಲ್ಯವಲ್ಲ, ಯೋಜನೆಗೆ ತೆರುವ ಬೆಲೆ. ಆ ಬೆಲೆಯನ್ನು ಒಪ್ಪಿಯೇ ಮಾಲೀಕರು ಯೋಜನೆಗೆ ಮುದ್ರೆಯೊತ್ತಿದ್ದರು. ಹೀಗಿರುವಾಗ ಎರಡು ವರ್ಷ ತುಂಬುವ ಮೊದಲೇ ಆ ಸೋಲುಗಳನ್ನೇ ಅಪರಾಧವೆಂದು ಎಣಿಸುವುದು, ತೆಂಗಿನ ಸಸಿ ನೆಟ್ಟವನನ್ನು ಎರಡನೆಯ ವರ್ಷವೇ ಕಾಯಿ ಎಲ್ಲಿ ಎಂದು ಕೇಳಿದಂತೆ. ಇನ್ನೂ ವಿಚಿತ್ರವೆಂದರೆ, ಮೈದಾನದಲ್ಲಿ ತಂಡವನ್ನು ಆಡಿಸುವ ನೇರ ಹೊಣೆ ಹೊತ್ತಿದ್ದ ಮುಖ್ಯ ತರಬೇತುದಾರ ಹ್ಯೂ ಜಾಕ್ಸನ್ ಮುಂದುವರಿಯುತ್ತಾರೆಂದು ಅದೇ ದಿನಗಳಲ್ಲಿ ಘೋಷಣೆಯಾಯಿತು. ಆ ಋತುವಿನ 16 ಪಂದ್ಯಗಳಲ್ಲಿ ತಂಡ ಹದಿನಾರನ್ನೂ ಸೋತಿತು. ಜಾಕ್ಸನ್ ನಿರ್ಗಮಿಸಿದ್ದು 2018ರ ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಅವರ ಲೆಕ್ಕದಲ್ಲಿ ಮೂರು ಗೆಲುವು, 36 ಸೋಲು, ಒಂದು ಡ್ರಾ ಜಮೆಯಾಗಿದ್ದವು. ದೀರ್ಘಾವಧಿಯ ಹೊಣೆ ಹೊತ್ತವರನ್ನು ಅಲ್ಪಾವಧಿಯ ಅಳತೆಗೋಲಿನಿಂದ ಅಳೆದರು. ಅಲ್ಪಾವಧಿಯ ಹೊಣೆ ಹೊತ್ತವರನ್ನು ಆ ಅಳತೆಯಿಂದ ಪಾರುಮಾಡಿದರು.

ಬ್ರೌನ್ ನಿರ್ದೋಷಿಯೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಸೂತ್ರಧಾರನಿಲ್ಲದ ತಂಡಕ್ಕೆ ಉಳಿದೆಲ್ಲ ಸಂಪತ್ತಿದ್ದೂ ಪ್ರಯೋಜನವಿಲ್ಲ. ಅವರು ಬಿಟ್ಟುಕೊಟ್ಟ ಎರಡು ಆಯ್ಕೆಗಳಿಂದ ಫಿಲಡೆಲ್ಫಿಯಾ ಕಾರ್ಸನ್ ವೆಂಟ್ಜ್‌ರನ್ನೂ ಹ್ಯೂಸ್ಟನ್ ಡಿಶಾನ್ ವಾಟ್ಸನ್‌ರನ್ನೂ ಪಡೆದವು. ಇಬ್ಬರೂ ಬೇಗನೆ ಮಿಂಚಿದರು. 2016ರಲ್ಲಿ ಮೊದಲ ಸುತ್ತಿನಲ್ಲೇ ಆರಿಸಿದ ಕೋರಿ ಕೋಲ್‌ಮನ್ ನಿರೀಕ್ಷೆಯ ಮಟ್ಟಕ್ಕೆ ಏರಲಿಲ್ಲ. ಹಕ್ಕುಗಳನ್ನು ಕೂಡಿಹಾಕುವ ಜಾಣ್ಮೆ ಬೇರೆ, ಆಟಗಾರರನ್ನು ಗುರುತಿಸುವ ಕಣ್ಣು ಬೇರೆ. ಎರಡನೆಯದು ಇಲ್ಲವೆಂದು ಮಾಲೀಕರಿಗೆ ಮನವರಿಕೆಯಾಗಿದ್ದರೆ, ಆ ಕಾರಣಕ್ಕೆ ಅವರನ್ನು ಬದಲಿಸಿದ್ದು ತಪ್ಪಾಗುತ್ತಿರಲಿಲ್ಲ. ಆದರೆ ಅದು ಆಯ್ಕೆಗಳನ್ನು ಒಂದೊಂದಾಗಿ ತೂಗಿ ನೋಡಿ ಬರೆಯಬೇಕಾದ ತೀರ್ಪು. ಅಂಕಪಟ್ಟಿ ತೋರಿಸಿ ಹೇಳುವ ತೀರ್ಪಲ್ಲ.

ಮುಂದಿನ ಕಥೆ ಬೋಧಪ್ರದ. ಉತ್ತರಾಧಿಕಾರಿ ಜಾನ್ ಡಾರ್ಸಿ 2018ರಲ್ಲಿ ನಾಲ್ಕನೆಯ ಆಯ್ಕೆಯಾಗಿ ಡೆನ್‌ಜೆಲ್ ವಾರ್ಡ್‌ರನ್ನೂ 35ನೆಯ ಆಯ್ಕೆಯಾಗಿ ನಿಕ್ ಚಬ್‌ರನ್ನೂ ತಂದರು. ಗುರುತಿಸಿದ ಶ್ರೇಯ ಅವರದು. ಆದರೆ ಆ ಎರಡೂ ಹಕ್ಕುಗಳು ಬ್ರೌನ್ ಹ್ಯೂಸ್ಟನ್‌ನಿಂದ ತಂದಿಟ್ಟವು. ಬ್ರೌನ್ ಅವರೇ 2017ರಲ್ಲಿ ಮೊದಲ ಆಯ್ಕೆಯಾಗಿ ತಂದಿದ್ದ ಮೈಲ್ಸ್ ಗ್ಯಾರೆಟ್ ಲೀಗ್‌ನ ಅಗ್ರಗಣ್ಯ ಆಟಗಾರರಲ್ಲೊಬ್ಬರಾದರು. ಡಾರ್ಸಿಯವರೂ 2019ರ ಕೊನೆಗೆ ಹೊರನಡೆದರು. 2020ರಲ್ಲಿ ಅಧಿಕಾರಕ್ಕೆ ಬಂದದ್ದು ಬ್ರೌನ್ ಕಾಲದಲ್ಲಿ ಅವರ ಸಹಾಯಕರಾಗಿದ್ದ ಆಂಡ್ರ್ಯೂ ಬೆರಿ. ಆ ಋತುವಿನಲ್ಲಿ ತಂಡ 11 ಪಂದ್ಯ ಗೆದ್ದು, 2002ರ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿ, ಪಿಟ್ಸ್‌ಬರ್ಗ್ ತಂಡವನ್ನು 48–37ರಿಂದ ಮಣಿಸಿತು. 2022ರಲ್ಲಿ ಕ್ಲೀವ್‌ಲ್ಯಾಂಡ್ ಮೂರು ವರ್ಷಗಳ ಮೊದಲ ಸುತ್ತಿನ ಹಕ್ಕುಗಳನ್ನು ಹ್ಯೂಸ್ಟನ್‌ಗೆ ಒಪ್ಪಿಸಿ, 23 ಕೋಟಿ ಡಾಲರ್‌ಗಳ ಪೂರ್ಣ ಖಾತರಿ ನೀಡಿ ಕರೆತಂದದ್ದು ಅದೇ ವಾಟ್ಸನ್‌ರನ್ನು! ಹಿಂದೆ ಕೈಬಿಟ್ಟದ್ದಕ್ಕೂ ಇದು ತೆತ್ತ ದಂಡ, ಕೂಡಿಟ್ಟದ್ದನ್ನು ಒಮ್ಮೆಗೇ ಸುರಿದ ಅವಸರಕ್ಕೂ ಇದು ನಿದರ್ಶನ.

ಮೂರು ದಶಕ ಸರ್ಕಾರಿ ಸೇವೆಯಲ್ಲಿದ್ದ ನನಗೆ ಈ ಕಥೆ ಅಪರಿಚಿತವಲ್ಲ. ಜಲಾನಯನ, ಶಾಲಾ ಶಿಕ್ಷಣ, ಭೂದಾಖಲೆ ಇವು ಯಾವುವೂ ಒಂದು ಆಯವ್ಯಯ ವರ್ಷದಲ್ಲಿ ಫಲ ಕೊಡುವ ಕೆಲಸಗಳಲ್ಲ. ಆದರೂ ಒಂದು ತ್ರೈಮಾಸಿಕ ಪ್ರಗತಿ ವರದಿ ಕಳೆಗುಂದಿದರೆ ಅಧಿಕಾರಿಯ ವರ್ಗಾವಣೆಯಾಗುತ್ತದೆ. ಬಂದವರು ಹೊಸ ಕಡತ ತೆರೆಯುತ್ತಾರೆ. ಬಿತ್ತಿದವರೊಬ್ಬರು, ರಾಶಿ ಪೂಜೆ ಮಾಡುವವರು ಇನ್ನೊಬ್ಬರು. ಅಧಿಕಾರಿಗಳಿಗೆ ಕನಿಷ್ಠ ಅವಧಿ ನಿಗದಿಪಡಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್‌ನಲ್ಲಿ ನಿರ್ದೇಶನ ನೀಡಿದ್ದರ ಹಿಂದೆ ಇದೇ ಕಾಳಜಿಯಿತ್ತು. ಆದರೆ ಅವಧಿಯ ಭದ್ರತೆಯೊಂದೇ ಸಾಲದು. ಅಳತೆಯೂ ಮೊದಲೇ ನಿಗದಿಯಾಗಿರಬೇಕು. ಇಲ್ಲವಾದರೆ ಭದ್ರತೆಯೆಂಬುದು ಅಸಮರ್ಥರ ಆಶ್ರಯವಾದೀತು.

ದೀರ್ಘಾವಧಿಯ ಕೆಲಸಕ್ಕೆ ಒಬ್ಬರನ್ನು ನೇಮಿಸುವವರು ಆರಂಭದಲ್ಲೇ ಮೂರು ಸಂಗತಿಗಳನ್ನು ಬರೆದಿಡಬೇಕು: ಎಷ್ಟು ಕಾಲ ನಷ್ಟ ಸಹಿಸಲು ಸಿದ್ಧ, ಆ ಅವಧಿಯಲ್ಲಿ ಗೆಲುವಿನ ಬದಲು ಯಾವುದನ್ನು ಅಳೆಯುತ್ತೇವೆ, ಮತ್ತು ಯಾವ ತಪ್ಪು ಕಂಡರೆ ಅವಧಿಗೆ ಮುನ್ನವೇ ನಿಲ್ಲಿಸುತ್ತೇವೆ. ಈ ಮೂರನೆಯದೂ ಮುಖ್ಯ. ತಾಳ್ಮೆಯೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ. ಹೀಗೆ ಬರೆದಿಟ್ಟ ಕಾಗದವಿದ್ದರೆ, ಸೋತಾಗ ಅಭಿಮಾನಿಗಳ ಕೂಗಿಗೋ ಮತದಾರರ ಸಿಟ್ಟಿಗೋ ಉತ್ತರ ಹೇಳಲು ಆಧಾರವಿರುತ್ತದೆ. ಕ್ಲೀವ್‌ಲ್ಯಾಂಡ್‌ನಲ್ಲಿ 2012ರ ಅಂತ್ಯದಿಂದ 2017ರ ಅಂತ್ಯದೊಳಗೆ ಆಟಗಾರರ ಆಯ್ಕೆಯ ಮುಖ್ಯಸ್ಥರು ನಾಲ್ಕು ಬಾರಿ ಹುದ್ದೆ ಕಳೆದುಕೊಂಡರು. ಅಷ್ಟೂ ಕಾಲ ಬದಲಾಗದೆ ಉಳಿದವರು ನೇಮಿಸುವ ಅಧಿಕಾರ ಹೊಂದಿದ್ದವರು ಮಾತ್ರ. ಪದೇ ಪದೇ ಬದಲಿಸುವ ಸಂಸ್ಥೆಯಲ್ಲಿ ಪರಾಮರ್ಶೆ ಆರಂಭವಾಗಬೇಕಾದದ್ದು ಆ ಕುರ್ಚಿಯಿಂದಲೇ.