ಬೇಡವೆನ್ನುವ ಹಕ್ಕು

ರಾಜಕೀಯ ಸ್ವಾತಂತ್ರ್ಯವೆಂದರೇನು? ಪ್ರಭುತ್ವ ಅಡ್ಡಬಾರದಿದ್ದರೆ ಅದೇ ಸ್ವಾತಂತ್ರ್ಯವೆಂಬುದು ಒಂದು ವಾದ. ಜನ ತಮ್ಮನ್ನು ತಾವೇ ಆಳಿಕೊಳ್ಳುವುದು ಸ್ವಾತಂತ್ರ್ಯವೆಂಬುದು ಇನ್ನೊಂದು. ಈ ಎರಡನ್ನೂ 1958ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಬೇರ್ಪಡಿಸಿ ತೋರಿದ ಐಸಾಯಾ ಬರ್ಲಿನ್, ಎರಡನೆಯದರ ಹೆಸರಿನಲ್ಲಿ ದಬ್ಬಾಳಿಕೆ ನುಸುಳೀತೆಂದು ಎಚ್ಚರಿಸಿದರು.

ಎಚ್ಚರಿಕೆ ಸುಳ್ಳಲ್ಲ. ನಾಡಿನ ಒಳಿತಿಗೆಂದು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿ ಕಣಿವೆಯ ಊರುಗಳನ್ನು ಮುಳುಗಿಸಿತು. ಬೆಳಕು ನಾಡಿಗೆ ಬಂತು. ಮುಳುಗಿದವರ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ.

ಹಾಗೆಂದು ಅಡ್ಡಿಯಿಲ್ಲದಿರುವುದಷ್ಟೇ ಸ್ವಾತಂತ್ರ್ಯವೇ? ಗಣಿ ಕಂಪನಿ ಬೇಡುವುದೂ ಅದನ್ನೇ!

ಉತ್ತರ ಒಡಿಶಾದ ನಿಯಮಗಿರಿಯಲ್ಲಿದೆ. ಅಲ್ಲಿನ ಬಾಕ್ಸೈಟ್ ಗಣಿಯ ವಿಚಾರವನ್ನು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳ ಮುಂದಿಟ್ಟಿತು. ಡೋಂಗ್ರಿಯಾ ಕೊಂಧರೂ ನೆರೆಯವರೂ ಸೇರಿದ 12 ಗ್ರಾಮಸಭೆಗಳೂ ಒಂದೇ ದನಿಯಲ್ಲಿ ಬೇಡವೆಂದವು. ಗಣಿಗೆ ಅನುಮತಿ ದೊರೆಯಲಿಲ್ಲ. ಅಲ್ಲಿ ಯಾರೂ ಜನರ ಪರವಾಗಿ ಜನರ ಹಿತವನ್ನು ನಿರ್ಧರಿಸಲಿಲ್ಲ, ಜನರೇ ನಿರ್ಧರಿಸಿದರು. ಬರ್ಲಿನ್ ಅಂಜಿದ ದಬ್ಬಾಳಿಕೆಗೆ ಮದ್ದೂ ಇದೇ.

ಆ ಮದ್ದನ್ನೇ ಈಗ ನೀರಾಗಿಸಲಾಗುತ್ತಿದೆ. ಕೇಂದ್ರದ ಅನುಮತಿಗೆ ಮುನ್ನವೇ ಗ್ರಾಮಸಭೆಯ ಒಪ್ಪಿಗೆ ಇರಬೇಕೆಂಬ ಕಟ್ಟಳೆಯನ್ನು 2022ರ ಅರಣ್ಯ ಸಂರಕ್ಷಣಾ ನಿಯಮಗಳು ಸಡಿಲಿಸಿದವು. ತೀರ್ಮಾನವಾದ ಮೇಲೆ ಕೇಳುವುದು ಕೇಳುವುದಲ್ಲ, ತಿಳಿಸುವುದು.

ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಗ್ರಾಮಸಭೆಗೆ ಕಾಡು ಕಾಯುವ ಅಧಿಕಾರ ಕೊಟ್ಟಿತು. ಆದರೆ ನಡಾವಳಿ ಪುಸ್ತಕಕ್ಕೆ ಓದದೆ ಸಹಿ ಹಾಕುವ ಊರಿಗೆ ಯಾವ ಕಾಯ್ದೆಯೂ ಸ್ವಾತಂತ್ರ್ಯ ಕೊಡಲಾರದು. ಗುಡ್ಡ ಉಳಿಯಬೇಕಾದರೆ ಗ್ರಾಮಸಭೆ ತುಂಬಬೇಕು.