ಕಡಲ ಕಾವಲು ನಿಲ್ಲಬಾರದು! ಒತ್ತೆಯಾದವರ ಸಂಬಳ ನಿಲ್ಲಬಾರದು!



ಕಾರವಾರದಿಂದ ಮಂಗಳೂರಿನವರೆಗೆ ‘ಮಗ ಶಿಪ್ಪಲ್ಲಿದ್ದಾನೆ’ ಎನ್ನುವ ಮನೆಗಳು ಎಷ್ಟೋ ಇವೆ. ಹಡಗು ಏಡನ್ ಕೊಲ್ಲಿ ದಾಟುವ ದಿನಗಳಲ್ಲಿ ಅಮ್ಮ ಅಡುಗೆಮನೆಗೂ ಫೋನ್ ಹಿಡಿದೇ ಹೋಗುತ್ತಾರೆ. ಅತ್ತ ಮಗ ಡೆಕ್ಕಿನ ಸುತ್ತ ಮುಳ್ಳುತಂತಿ ಬಿಗಿದು, ರಾತ್ರಿಯಿಡೀ ದುರ್ಬೀನು ಹಿಡಿದು ನಿಂತಿರುತ್ತಾನೆ. ಅವನ ಕೈಯಲ್ಲಿ ಬಂದೂಕಿಲ್ಲ. ಸಣ್ಣ ದೋಣಿಯಲ್ಲಿ ಏಣಿ ಹೊತ್ತು ಬರುವ ಕಡಲ್ಗಳ್ಳರ ಕೈಯಲ್ಲಿದೆ.

ಅವನನ್ನು ಕಾಯುವವರು ಯಾರು?

ನಮ್ಮ ನೌಕಾಪಡೆ 2008ರಿಂದ ಅಲ್ಲಿ ಗಸ್ತು ತಿರುಗುತ್ತಿದೆ. 2024ರ ಜನವರಿಯಲ್ಲಿ ‘ಲೀಲಾ ನಾರ್ಫೋಕ್’ ಹಡಗಿಗೆ ಬಂದೂಕುಧಾರಿಗಳು ಹತ್ತಿದರು. 15 ಭಾರತೀಯರೂ ಸೇರಿ 21 ಮಂದಿ ಹಡಗಿನೊಳಗಿನ ಭದ್ರಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಮರುದಿನ ಐಎನ್ಎಸ್ ಚೆನ್ನೈ ಬಂತು. ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಎಲ್ಲರನ್ನೂ ಹೊರತಂದರು. ಮಾರ್ಚ್‌ನಲ್ಲಿ ಕಳ್ಳರ ವಶದಲ್ಲಿದ್ದ ‘ರುಯೆನ್’ ಹಡಗಿನ ಬೆನ್ನನ್ನು ಐಎನ್ಎಸ್ ಕೋಲ್ಕತ್ತಾ 40 ಗಂಟೆ ಬಿಡಲಿಲ್ಲ. ಸಿ-17 ವಿಮಾನದಿಂದ ಕಮಾಂಡೊಗಳು ಕಡಲಿಗೆ ಧುಮುಕಿದರು. 35 ಕಳ್ಳರು ಶರಣಾದರು, 17 ನಾವಿಕರು ಪಾರಾದರು.

ಕಾವಲು ಸಡಿಲವಾದರೆ ಏನಾಗುತ್ತದೆ?

2016ರ ಡಿಸೆಂಬರಿನಲ್ಲಿ ನ್ಯಾಟೊ ಅಲ್ಲಿನ ತನ್ನ ಗಸ್ತು ಮುಗಿಸಿ ಹೊರಟಿತು. ಮೂರೇ ತಿಂಗಳಲ್ಲಿ ‘ಆರಿಸ್ 13’ ಹಡಗಿನ ಅಪಹರಣವಾಯಿತು. 2023ರ ಕೊನೆಗೆ ಯುದ್ಧನೌಕೆಗಳು ಹೂತಿ ಬಂಡುಕೋರರ ದಾಳಿ ತಡೆಯಲು ಕೆಂಪು ಸಮುದ್ರದತ್ತ ತಿರುಗಿದಾಗಲೇ ‘ರುಯೆನ್’ ಕಳ್ಳರ ಪಾಲಾಗಿತ್ತು.

ಹಡಗು ಒಮ್ಮೆ ಸೊಮಾಲಿಯಾದ ದಡ ಸೇರಿತೋ, ನೌಕಾಪಡೆಯ ಕೈಯೂ ಕಟ್ಟಿದಂತೆ. 2010ರಲ್ಲಿ ಸೆರೆಯಾದ ‘ಅಸ್ಫಾಲ್ಟ್ ವೆಂಚರ್’ನಲ್ಲಿ 15 ಭಾರತೀಯರಿದ್ದರು. ಮರುವರ್ಷ ಕಳ್ಳರು ಹಣ ಪಡೆದು ಹಡಗು ಬಿಟ್ಟರು, ಆದರೆ ಭಾರತದ ಸೆರೆಯಲ್ಲಿದ್ದ ತಮ್ಮವರನ್ನು ಬಿಡಿ ಎಂದು 7 ಮಂದಿಯನ್ನು ಇಟ್ಟುಕೊಂಡರು. ಅವರು ಬಿಡುಗಡೆಯಾದದ್ದು 2014ರಲ್ಲಿ. ನಾಲ್ಕು ವರ್ಷ ಆ ಏಳು ಮನೆಗಳ ಒಲೆ ಹೇಗೆ ಉರಿದಿರಬೇಕು?

ಈಗ ಕಾನೂನು ನಮ್ಮ ಪರ ಇದೆ. ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯ ತಿದ್ದುಪಡಿ 2020ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಒತ್ತೆಯಲ್ಲಿರುವಷ್ಟು ದಿನವೂ ಒಪ್ಪಂದದ ಸಂಬಳ ಮನೆಗೆ ಬರಲೇಬೇಕು. ಇದು ದಾನವಲ್ಲ, ಹಕ್ಕು.

ಇಂದೇ ಮಾಡಿ:

1. ಮಗ ಹೊರಡುವ ಮೊದಲು ಏಜೆಂಟರ ನೇಮಕಾತಿ ಪರವಾನಗಿ, ಅಂದರೆ ಆರ್‌ಪಿಎಸ್‌ಎಲ್ ಲೈಸೆನ್ಸ್ ಕೇಳಿ ನೋಡಿ. ಅಗ್ರಿಮೆಂಟ್, ನಾವಿಕರ ಪುಸ್ತಕ ಸಿಡಿಸಿ, ಪಾಸ್‌ಪೋರ್ಟ್ ಜೆರಾಕ್ಸ್ ಮತ್ತು ಹಡಗಿನ ಗುರುತಿನ ಸಂಖ್ಯೆಯಾದ ಐಎಂಒ ನಂಬರ್ ಮನೆಯಲ್ಲಿರಲಿ.

2. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಠರಾವು ಮಾಡಿಸಿ: ಏಡನ್‌ನಿಂದ ಸೊಮಾಲಿಯಾದವರೆಗೆ ವರ್ಷವಿಡೀ ನೌಕಾ ಗಸ್ತು ಬೇಕು.

3. ಸಂಸದರಿಗೆ ಪತ್ರ ಬರೆಯಿರಿ: ಭದ್ರಕೋಣೆಯಿಲ್ಲದ ಹಡಗು ಆ ದಾರಿ ಹಿಡಿಯಬಾರದು, ಒತ್ತೆಯಾದವರ ಮನೆಗೆ ದಿನವೂ ಸುದ್ದಿ ಮುಟ್ಟಿಸುವ ಒಬ್ಬ ಅಧಿಕಾರಿ ಇರಬೇಕು.

ಹಡಗು ಸಿಕ್ಕಿಬಿದ್ದ ಮೇಲೆ ಬಾಗಿಲು ಬಾಗಿಲು ತಟ್ಟುವುದಕ್ಕಿಂತ ಇಂದೇ ದನಿ ಎತ್ತೋಣ. ಓದಿದ ಮೇಲೆ ಈ ಕಾಗದವನ್ನು ಪಕ್ಕದ ಮನೆಗೆ ಕೊಡಿ. ಅಲ್ಲಿಯೂ ಒಬ್ಬ ತಾಯಿ ಫೋನ್ ನೋಡುತ್ತ ಕುಳಿತಿರಬಹುದು.

— ಕಡಲಿಗೆ ಮಕ್ಕಳನ್ನು ಕಳಿಸಿದ ಕರಾವಳಿಯ ಮನೆಯವರು