ಪಾರಿತೋಷಕವೋ, ಆಟಗಾರನೋ?

ಮಳೆಗಾಲ ಬಂದಿತೆಂದರೆ ಮುಂಬಯಿಯ ಮೈದಾನಗಳಲ್ಲಿ ಶಾಲಾ ಫುಟ್‌ಬಾಲ್ ಪಂದ್ಯಗಳ ಸಂಭ್ರಮ. ಕೆಸರಿನಲ್ಲಿ ಮಿಂದು ಮನೆಗೆ ಮರಳುವ ಹುಡುಗರಲ್ಲಿ ಕನ್ನಡಿಗರ ಮಕ್ಕಳೂ ಇದ್ದಾರೆ. ಮಕ್ಕಳು ಆಡುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರನ್ನು ಆಡಿಸುವವರ ದೃಷ್ಟಿ ಎತ್ತ ನೆಟ್ಟಿದೆಯೆಂಬುದನ್ನು ವಿಚಾರಿಸಿದಲ್ಲಿ ಚಿಂತೆಗೂ ಕಾರಣವುಂಟು.

ಅನೇಕ ಶಾಲೆಗಳಿಗೆ ಬೇಕಾದುದು ಪಾರಿತೋಷಕ. ಮುಖ್ಯೋಪಾಧ್ಯಾಯರ ಕೊಠಡಿಯ ಕಪಾಟಿನಲ್ಲಿ ಅವು ಎಷ್ಟು ಸೇರಿದುವೆಂಬುದೇ ಕ್ರೀಡಾಶಿಕ್ಷಕರ ಯೋಗ್ಯತೆಯ ಅಳತೆಗೋಲಾಗಿದೆ. ಒಮ್ಮೆ ಸೋತವರು ಹೊರಬೀಳುವ ಪಂದ್ಯಾವಳಿಯಲ್ಲಿ ಅವರು ಸುಲಭದ ದಾರಿ ಹಿಡಿದರೆ ಆಶ್ಚರ್ಯವಿಲ್ಲ. ಎತ್ತರದ, ಬಲಿಷ್ಠರಾದ ಹುಡುಗರನ್ನು ಆರಿಸುವುದು. ಹಿಂದಿನಿಂದ ಚೆಂಡನ್ನು ದೂರಕ್ಕೆ ಒದೆಸಿ ಅದರ ಬೆನ್ನಟ್ಟಿಸುವುದು. ಇದರಿಂದ ಪಂದ್ಯ ಗೆಲ್ಲಬಹುದು, ಆಟ ಕಲಿತಂತಾಗದು.

ಹದಿಮೂರರ ಹುಡುಗರೆಲ್ಲ ಒಂದೇ ತೆರನಾಗಿ ಬೆಳೆದಿರುವುದಿಲ್ಲ. ಒಬ್ಬನಿಗೆ ಮೀಸೆ ಮೂಡಿರುತ್ತದೆ. ಅವನ ಜೊತೆಯವನು ಇನ್ನೂ ಮಗುವಿನಂತಿರುತ್ತಾನೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಲೆಕ್ಕಕ್ಕೆ ಸಮವಯಸ್ಕರು. ನಿಜದಲ್ಲಿ ಅವರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಈ ಅಂತರವನ್ನೇ ಪ್ರತಿಭೆಯೆಂದು ಭ್ರಮಿಸಿ ಸಣ್ಣವನನ್ನು ಗೆರೆಯಾಚೆ ಕುಳ್ಳಿರಿಸಿದರೆ, ಅವನು ಬೆಳೆಯುವ ಹೊತ್ತಿಗೆ ಆಟವನ್ನೇ ಬಿಟ್ಟಿರುತ್ತಾನೆ. ಮೈಬಲದಿಂದಲೇ ಗೆದ್ದವನಾದರೋ, ಉಳಿದವರು ತನ್ನ ಸಮಕ್ಕೆ ಬೆಳೆದ ದಿನ ಕೈಚೆಲ್ಲುತ್ತಾನೆ. ನಷ್ಟ ಇಬ್ಬರಿಗೂ.

ಇದಕ್ಕಿಂತ ಹೇಯವಾದುದು ವಯಸ್ಸಿನ ವಂಚನೆ. ವಾಯುಸೇನೆಯ ಮುಖ್ಯಸ್ಥರಾಗಿದ್ದ ಸುಬ್ರತೊ ಮುಖರ್ಜಿ ಅವರ ಹೆಸರಿನಲ್ಲಿ 1960ರಲ್ಲಿ ಆರಂಭವಾದ ಅಂತರ ಶಾಲಾ ಪಂದ್ಯಾವಳಿ ದೇಶದಲ್ಲೇ ಹೆಸರಾದುದು. ಅಲ್ಲಿಯೂ ವಯೋಮಿತಿ ಮೀರಿದ ಹುಡುಗರು ಸಿಕ್ಕಿಬಿದ್ದುದುಂಟು. ಹುಡುಗರ ನಿಜವಾದ ವಯಸ್ಸನ್ನು ಅರಿಯಲು ಮಣಿಕಟ್ಟಿನ ಎಲುಬನ್ನು ಕ್ಷ-ಕಿರಣಕ್ಕೊಡ್ಡಬೇಕಾದ ಸ್ಥಿತಿ ಬಂದಿರುವುದು ಯಾರಿಗೆ ಶೋಭೆ? ಜನ್ಮಪತ್ರವನ್ನು ತಿದ್ದಿಸುವವರು ಹಿರಿಯರು. ಸುಳ್ಳು ಹೇಳಲು ಕಲಿಯುವವನು ಬಾಲಕ. ಶಾಲೆಯ ಅಂಗಳದಲ್ಲಿ ಇಂತಹ ಪಾಠ ಸರ್ವಥಾ ಸಲ್ಲದು.

ಬೇರೆ ದಾರಿಯಿಲ್ಲವೆನ್ನುವವರು ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್ ಅವರನ್ನು ಸ್ಮರಿಸಿಕೊಳ್ಳಲಿ. ಅವರು ವೃತ್ತಿಯಿಂದ ಶಾಲಾ ಶಿಕ್ಷಕರು. 1951ರಲ್ಲಿ ದಿಲ್ಲಿಯಲ್ಲೂ 1962ರಲ್ಲಿ ಜಕಾರ್ತದಲ್ಲೂ ಭಾರತ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದುದು, 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದುದು ಅವರ ತರಬೇತಿನಲ್ಲೇ. 1963ರಲ್ಲಿ ಅವರು ತೀರಿಕೊಂಡ ಬಳಿಕ ಒಲಿಂಪಿಕ್ಸಿನ ಫುಟ್‌ಬಾಲಿನಲ್ಲಿ ಆ ಸ್ಥಾನ ನಮಗೆ ಮರಳಿ ದೊರೆತಿಲ್ಲ. ಈ ಮಹನೀಯರು ಹೈದರಾಬಾದಿನಲ್ಲಿ ವಿಚಿತ್ರ ನಿಯಮದ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ಚೆಂಡನ್ನು ತನ್ನಲ್ಲೇ ಇರಿಸಿಕೊಂಡು ಎದುರಾಳಿಗಳನ್ನು ಕುಣಿಸುವುದಕ್ಕೆ ನಿಷೇಧ. ಇನ್ನೊಂದರಲ್ಲಿ ಬಳಕೆಯಿಲ್ಲದ ಕಾಲಿನಿಂದಲೇ ಆಡಬೇಕೆಂಬ ಕಟ್ಟಳೆ. ಮೊದಲನೆಯದರಿಂದ ಜೊತೆಯವನನ್ನು ನೋಡಿ ಚೆಂಡು ಸಾಗಿಸುವ ಬುದ್ಧಿ, ಎರಡನೆಯದರಿಂದ ಎರಡು ಕಾಲಿನ ಕೌಶಲ. ಇದಕ್ಕೆ ಹಣ ಬೇಕಾಗಿರಲಿಲ್ಲ. ಶಿಕ್ಷಕನ ಆಲೋಚನೆಯೊಂದಿದ್ದರೆ ಸಾಕಾಗಿತ್ತು.

ಆಟದಲ್ಲಿ ಮುಂದುವರಿದ ದೇಶಗಳು ಎಳೆಯರನ್ನು ಮೊದಲು ಐದು, ಬಳಿಕ ಏಳು, ಅನಂತರ ಒಂಬತ್ತು ಮಂದಿಯ ತಂಡಗಳಲ್ಲಿ ಆಡಿಸಿ, ಆಮೇಲಷ್ಟೇ ಹನ್ನೊಂದು ಮಂದಿಯ ಪೂರ್ಣ ಮೈದಾನಕ್ಕೆ ಇಳಿಸುತ್ತವೆ. ಕಿರಿದಾದ ಜಾಗದಲ್ಲಿ ಚೆಂಡು ಪ್ರತಿಯೊಬ್ಬನ ಕಾಲಿಗೂ ಮತ್ತೆ ಮತ್ತೆ ಬರುತ್ತದೆ. ಮೈಬಲಕ್ಕಿಂತ ಬುದ್ಧಿಗೆ ಬೆಲೆ ಬರುತ್ತದೆ. ಮೈದಾನಗಳೇ ದುರ್ಲಭವಾದ ಈ ಮಹಾನಗರಕ್ಕೆ ಇದಕ್ಕಿಂತ ಒಪ್ಪುವ ಕ್ರಮ ಬೇರೊಂದಿಲ್ಲ.

ಆದುದರಿಂದ ಶಾಲೆಗಳ ಆಡಳಿತವರ್ಗಕ್ಕೆ ನಮ್ಮ ಸೂಚನೆ ಇಷ್ಟು. ಕೆಳತರಗತಿಗಳ ಪಂದ್ಯಗಳು ಎಲ್ಲ ತಂಡಗಳೂ ಪರಸ್ಪರ ಆಡುವ ಕ್ರಮದಲ್ಲಿ ನಡೆಯಲಿ. ತಂಡದಲ್ಲಿರುವ ಪ್ರತಿಯೊಬ್ಬನೂ ಕನಿಷ್ಠ ಅರ್ಧ ಪಂದ್ಯವನ್ನಾದರೂ ಆಡಲಿ. ಶಿಕ್ಷಕರನ್ನು ಒಂದು ವರ್ಷದ ಗೆಲುವಿನಿಂದ ಅಳೆಯದೆ, ಆರನೆಯ ತರಗತಿಯಲ್ಲಿ ಆಟಕ್ಕಿಳಿದವರಲ್ಲಿ ಹತ್ತನೆಯ ತರಗತಿಯಲ್ಲೂ ಆಡುತ್ತಿರುವವರು ಎಷ್ಟು ಮಂದಿ ಎಂಬುದರಿಂದ ಅಳೆಯಲಿ. ಹೆಣ್ಣುಮಕ್ಕಳಿಗೂ ಇದೇ ನ್ಯಾಯ ಸಲ್ಲಲಿ.

ವರ್ಷಕ್ಕೊಮ್ಮೆ ಕ್ರೀಡೋತ್ಸವ ನಡೆಸುವ ನಮ್ಮ ಕನ್ನಡ ಸಂಘಗಳೂ ಈ ಮಾತನ್ನು ಗಮನಿಸುವುದು ಒಳಿತು. ಒಂದು ದಿನದ ಪಂದ್ಯಕ್ಕೂ ಎತ್ತರದ ಪಾರಿತೋಷಕಕ್ಕೂ ವ್ಯಯವಾಗುವ ಹಣದಲ್ಲಿ ಒಂದು ಪಾಲನ್ನು ಭಾನುವಾರದ ಬೆಳಗಿನ ಬಾಲಶಿಬಿರಕ್ಕೆ ಮೀಸಲಿಡಬಹುದಲ್ಲವೆ? ತಂದೆತಾಯಿಗಳೂ ಆಟ ಮುಗಿಸಿ ಬಂದ ಮಗನನ್ನು “ಗೆದ್ದೆಯಾ?” ಎಂದು ಕೇಳುವುದಕ್ಕೆ ಮೊದಲು “ಇಂದು ಏನು ಕಲಿತೆ?” ಎಂದು ಕೇಳಲಿ. ಪಾರಿತೋಷಕಕ್ಕೆ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ಚೆನ್ನಾಗಿ ಕಲಿತ ಆಟ ಮೈಯಲ್ಲಿ ಬಹುಕಾಲ ಉಳಿಯುತ್ತದೆ.